ಕಿಲ್ವಾ ದ್ವೀಪದ ಬಂಡೆತೀರ: ಅಮ್ಮನನ್ನೂ ಮಗನನ್ನೂ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಪುತ್ತೂರಿನವರು. ನಾಲ್ಕು ವರ್ಷದಿಂದ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿದ್ದೇವೆ. ಆಗಸ್ಟ್ ಕೊನೆಗೆ ಊರಿನಿಂದ ಅಮ್ಮ ಬರುತ್ತಾರೆ. ಅವರಿಗೆ 67 ವರ್ಷ. ಸಕ್ಕರೆ ಕಾಯಿಲೆ ಇದೆ, ಆದರೆ ಚೆನ್ನಾಗಿ ನಡೆಯುತ್ತಾರೆ. ಮಗನಿಗೆ 9. ಎಲ್ಲರೂ ಸೇರಿ ಇಲ್ಲಿನ ದಕ್ಷಿಣ ಕರಾವಳಿಯ ಕಿಲ್ವಾ ಕಿಸಿವಾನಿ ದ್ವೀಪದ ಹಳೆ ಊರು ನೋಡಬೇಕೆಂದಿದ್ದೇವೆ. ಅಲ್ಲಿನ ಅರಮನೆಯ ಕೆಳಗಿರುವ ಬಂಡೆಗಳಿಗೆ ಇಳಿಯಲೇಬೇಕು ಎಂದು ಮಗನ ಹಟ. ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆ ಬಂಡೆ ಹವಳದ್ದು, ಕಾಲು ಕುಯ್ದರೆ ಗಾಯದೊಳಗೇ ಹವಳ ಬೆಳೆಯುತ್ತದಂತೆ. ನೀರು ಏರಿದರೆ ವಾಪಸ್ ಬರಲು ದಾರಿಯೇ ಇರುವುದಿಲ್ಲವಂತೆ. ಪಾಳುಮನೆಗಳಲ್ಲಿ ಜಿನ್ ಎಂಬ ಭೂತ ಇದೆಯಂತೆ. ಇನ್ನೊಬ್ಬರು, 'ಅದೆಲ್ಲ ಸುಮ್ನೆ, ಚಪ್ಪಲಿ ಹಾಕ್ಕೊಂಡು ಆರಾಮಾಗಿ ಓಡಾಡಿ' ಅಂದರು. ಯಾವುದನ್ನು ನಂಬುವುದು? ಪಕ್ಕದ ಸೋಂಗೋ ಮ್ನಾರಾ ದ್ವೀಪಕ್ಕೂ ಹೋಗಬಹುದಾ?

ಉತ್ತರ: ಹೋಗಿ. ಖಂಡಿತ ಹೋಗಿ. ಆದರೆ ಎಲ್ಲರೂ ಒಟ್ಟಿಗೆ ಬಂಡೆಗೆ ಇಳಿಯುವ ಯೋಚನೆ ಮಾತ್ರ ಬೇಡ.

ನಿಮ್ಮ ಪತ್ರದಲ್ಲಿ ಮೂರು ಭಯಗಳಿವೆ. ಕಲ್ಲಿನದು, ನೀರಿನದು, ಜಿನ್ನಿನದು. ಇವುಗಳಲ್ಲಿ ಕೂತು ಲೆಕ್ಕ ಹಾಕಬೇಕಾದದ್ದು ನೀರನ್ನು. ಇನ್ನೊಂದು ವಿಷಯವನ್ನು ಆಫೀಸಿನಲ್ಲಿ ಯಾರೂ ಹೇಳಿದಂತಿಲ್ಲ. ಅದು ನಿಮ್ಮ ಅಮ್ಮನ ಪಾದ. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಆದದ್ದು ಅದನ್ನು ಓದಿ.

ನನ್ನ ಕೆಲಸ ಸಮುದ್ರದ ಅಂಚಿನಲ್ಲಿರುವ ಹಳೆಯ ಸುಣ್ಣ-ಕಲ್ಲಿನ ಕಟ್ಟಡಗಳನ್ನು ಉಳಿಸುವುದು. ಇಂಥ ಬಂಡೆಗಳ ಮೇಲೆ ವರ್ಷಗಟ್ಟಲೆ ಓಡಾಡಿದ್ದೇನೆ. ಹಾಗಾಗಿ ಕಲ್ಲಿನಿಂದಲೇ ಶುರು ಮಾಡುತ್ತೇನೆ. ಆ ಕಲ್ಲು ಏನು ಅಂತ ತಿಳಿದರೆ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಅದು ಹವಳದ್ದೇ, ನಿಜ. ಆದರೆ ಜೀವಂತ ಹವಳ ಅಲ್ಲ. ಸುಮಾರು 1,25,000 ವರ್ಷದ ಹಿಂದೆ ಸಮುದ್ರದ ಮಟ್ಟ ಈಗಿನದಕ್ಕಿಂತ ಕೆಲವು ಮೀಟರ್ ಮೇಲಿತ್ತು. ಆಗ ಬೆಳೆದ ಹವಳದ ದಿಬ್ಬಗಳೇ ನೀರು ಇಳಿದ ಮೇಲೆ ಒಣಗಿ ಬಂಡೆಯಾದವು. ಪೂರ್ವ ಆಫ್ರಿಕಾದ ಕರಾವಳಿಯ ಉದ್ದಕ್ಕೂ ಈ ಹವಳಗಲ್ಲು ಸಿಗುತ್ತದೆ. ಮೂಲದಲ್ಲಿ ಇದು ಸುಣ್ಣದ ಕಲ್ಲು. ಮಳೆನೀರಿಗೆ ಕರಗುತ್ತದೆ. ಉಪ್ಪುನೀರಿನ ಸಿಂಚನಕ್ಕೆ ತೂತು ಬೀಳುತ್ತದೆ. ಬಸವನಹುಳುವಿನಂಥ ಸಣ್ಣ ಪ್ರಾಣಿಗಳು ಪಾಚಿಗಾಗಿ ಅದನ್ನು ಕೆರೆಯುತ್ತಲೇ ಇರುತ್ತವೆ. ಮೆತ್ತಗಿನ ಭಾಗ ಹೋಗಿ ಗಟ್ಟಿ ಭಾಗ ಉಳಿಯುತ್ತದೆ. ಆ ಉಳಿದದ್ದು ಗರಗಸದ ಹಲ್ಲಿನ ಹಾಗಿರುತ್ತದೆ. ರಬ್ಬರ್ ಚಪ್ಪಲಿ ಇದಕ್ಕೆ ಏನೇನೂ ಸಾಲದು.

ಗಾಯದಲ್ಲಿ ಹವಳ ಬೆಳೆಯುತ್ತದೆ ಅನ್ನುವುದು ಸುಳ್ಳು. ಸತ್ತ ಕಲ್ಲು ಬೆಳೆಯುವುದಿಲ್ಲ. ಜೀವಂತ ಹವಳ ಕೂಡ ಮನುಷ್ಯನ ಚರ್ಮದಲ್ಲಿ ಬೆಳೆಯಲಾರದು. ಆದರೂ ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಇಂಥ ಕಲ್ಲು ತರಚಿದಾಗ ಪುಡಿ ಒಳಗೆ ಸೇರಿಕೊಳ್ಳುತ್ತದೆ. ಅದನ್ನು ತೆಗೆಯದಿದ್ದರೆ ಗಾಯ ವಾರಗಟ್ಟಲೆ ಮಾಯುವುದಿಲ್ಲ, ಊದುತ್ತದೆ, ಕೀವು ಕಟ್ಟುತ್ತದೆ. ನೋಡಿದವರಿಗೆ ಒಳಗೆ ಏನೋ ಬೆಳೆಯುತ್ತಿದೆ ಅನ್ನಿಸುತ್ತದೆ.

ಈಗ ಮುಖ್ಯ ಮಾತು. ಇಂಥ ದಡದಲ್ಲಿ ಸಮುದ್ರ ಕಲ್ಲನ್ನು ಮೇಲಿನಿಂದ ಕಡಿಯುವುದಿಲ್ಲ, ಬುಡದಿಂದ ಕಡಿಯುತ್ತದೆ. ಉಬ್ಬರದ ನೀರು ತಾಗುವ ಎತ್ತರದಲ್ಲಿ ಬಂಡೆಗೆ ಒಳಮುಖವಾದ ಕೊರಕಲು ಬೀಳುತ್ತದೆ. ಮೇಲ್ಭಾಗ ಮಾಡಿನ ಅಂಚಿನ ಹಾಗೆ ಚಾಚಿಕೊಂಡಿರುತ್ತದೆ. ಮೇಲೆ ನಿಂತವರಿಗೆ ಗಟ್ಟಿ ನೆಲದ ಮೇಲೆ ನಿಂತಿದ್ದೇವೆ ಅನ್ನಿಸುತ್ತದೆ. ಕೆಳಗೆ ನೋಡಿದರೆ ಟೊಳ್ಳು. ಬುಡದಲ್ಲಿ ದೊಡ್ಡ ದೊಡ್ಡ ತುಂಡುಗಳು ಬಿದ್ದಿರುವುದು ಕಂಡರೆ, ಅವು ಒಂದು ಕಾಲದಲ್ಲಿ ಮೇಲಿನ ಅಂಚಾಗಿದ್ದವು ಅಂತ ಅರ್ಥ. ನನ್ನ ಜೊತೆ ಕೆಲಸಕ್ಕೆ ಬರುವ ಹುಡುಗರಿಗೆ ಒಂದೇ ನಿಯಮ ಹೇಳುತ್ತೇನೆ: ಅಂಚಿನಿಂದ ನಾಲ್ಕು ದೊಡ್ಡ ಹೆಜ್ಜೆ ಹಿಂದೆ. ಕೆಳಗಿದ್ದಾಗ ಚಾಚಿದ ಕಲ್ಲಿನ ನೆರಳಲ್ಲಿ ಕೂರುವ ಹಾಗಿಲ್ಲ, ಎಷ್ಟೇ ಬಿಸಿಲಿರಲಿ. ನಿಮ್ಮ ಮಗನಿಗೂ ಇದೇ ನಿಯಮ.

ಹುಸೂನಿ ಕುಬ್ವಾ ಅರಮನೆ ನಿಂತಿರುವುದು ಇಂಥ ಬಂಡೆಯ ಮೇಲೆಯೇ. 14ನೇ ಶತಮಾನದ ಮೊದಲ ಭಾಗದಲ್ಲಿ ಸುಲ್ತಾನ್ ಅಲ್-ಹಸನ್ ಬಿನ್ ಸುಲೈಮಾನ್ ಕಟ್ಟಿಸಿದ್ದು. ನೂರಕ್ಕೂ ಹೆಚ್ಚು ಕೋಣೆ, ಎಂಟು ಮೂಲೆಯ ಸ್ನಾನದ ಕೊಳ, ಸಮುದ್ರಕ್ಕೆ ಇಳಿಯುವ ಮೆಟ್ಟಿಲು. ಪೂರ್ತಿ ಮುಗಿಯುವ ಮೊದಲೇ ಕೈಬಿಟ್ಟರು. ಅದರ ಗೋಡೆಯ ಕಲ್ಲೂ ಕೆಳಗಿನ ಬಂಡೆಯ ಕಲ್ಲೂ ಒಂದೇ. ಒರಟು ಗೋಡೆಗೆ ನೆಲದಿಂದ ಅಗೆದ ಹವಳಗಲ್ಲು. ಬಾಗಿಲ ಚೌಕಟ್ಟು, ಕಮಾನು, ಕೆತ್ತನೆಗೆ ಮಾತ್ರ ಸಮುದ್ರದಿಂದ ಕಡಿದು ತಂದ ಜೀವಂತ ಹವಳ. ಅದು ಹಸಿಯಿದ್ದಾಗ ಮೆತ್ತಗಿರುತ್ತದೆ, ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಪುತ್ತೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಕೂಡ ಕಡಿಯುವಾಗ ಮೆದು, ಬಿಸಿಲು ಗಾಳಿ ತಾಗಿದ ಮೇಲೆ ಗಟ್ಟಿ ಅಲ್ವಾ? ನಮ್ಮಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು, ಅಲ್ಲಿ ಹವಳ ಸುಟ್ಟು ಮಾಡಿದರು. ಚಾವಣಿಗೆ ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಕಂಬಗಳು. ಆ ಕಂಬದ ಉದ್ದ ಎಷ್ಟೋ ಕೋಣೆಯ ಅಗಲ ಅಷ್ಟೇ. ಅದಕ್ಕೇ ಇಲ್ಲಿನ ಕೋಣೆಗಳು ಉದ್ದವಾಗಿದ್ದರೂ ಅಗಲ ಮಾತ್ರ ಕಡಿಮೆ.

ಕಲ್ಲು ಒಂದೇ ಆದ್ದರಿಂದ ಕಾಯಿಲೆಯೂ ಒಂದೇ. ಗೋಡೆಯ ಸುಣ್ಣವೂ ಮಳೆಗೆ ಕರಗುತ್ತದೆ. ಗಿಡದ ಬೇರು ಸಂದಿಗೆ ನುಗ್ಗುತ್ತದೆ. ದಡದ ಪಕ್ಕದ ಕಟ್ಟಡಗಳ ಅಡಿಪಾಯವನ್ನು ಅಲೆ ಕೊರೆಯುತ್ತದೆ. ಕಿಲ್ವಾ ಕಿಸಿವಾನಿ ಮತ್ತು ಸೋಂಗೋ ಮ್ನಾರಾ 1981ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2004ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿದವು. ಗೋಡೆಗಳನ್ನು ಭದ್ರಪಡಿಸಿ, ದಡಕ್ಕೆ ತಡೆ ಕಟ್ಟಿ, ಕಾಂಡ್ಲಾ ನೆಟ್ಟು ಹತ್ತು ವರ್ಷ ದುಡಿದ ಮೇಲೆ 2014ರಲ್ಲಿ ಆ ಪಟ್ಟಿಯಿಂದ ಹೊರಗೆ ಬಂದವು. ಹಾಗಾಗಿ ಒಂದು ಬೇಡಿಕೆ. ಫೋಟೋಗೆಂದು ಮಗನನ್ನು ಗೋಡೆಯ ಮೇಲೆ ಕೂರಿಸಬೇಡಿ. ಅವನಿಗೆ ಪೆಟ್ಟಾಗಬಹುದು ಅನ್ನುವುದು ಒಂದು ಕಾರಣ. ಏಳುನೂರು ವರ್ಷದ ಸುಣ್ಣದ ಹಿಡಿತ ಒಂದು ಕಾಲಿನ ಒತ್ತಿಗೆ ಬಿಟ್ಟುಹೋಗಬಹುದು ಅನ್ನುವುದು ಇನ್ನೊಂದು. ಬಿಟ್ಟ ಸಂದಿಗೆ ಮುಂದಿನ ಮಳೆ ಇಳಿಯುತ್ತದೆ. ಅಂಥ ಸಂದಿಗಳನ್ನು ಮತ್ತೆ ತುಂಬುವ ಕೆಲಸ ನಾನು ಮಾಡಿದ್ದೇನೆ. ಹಳೆಯ ಹಿಡಿತ ಪೂರ್ತಿ ವಾಪಸ್ ಬರುವುದಿಲ್ಲ.

ಇನ್ನು ನೀರು. 'ದಾರಿ ಇರುವುದಿಲ್ಲ' ಎಂದವರು ಹೇಳಿದ್ದು ನಿಜ. ಆದರೆ ಅದು ದಿನವೂ ಗೊತ್ತಿರುವ ಗಂಟೆಗೆ ಆಗುವ ಸಂಗತಿ. ನಮ್ಮ ಮಂಗಳೂರಿನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು. ತಾಂಜಾನಿಯಾ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ಅದು 3 ಮೀಟರ್ ದಾಟುತ್ತದೆ. ಊರಿನ ಸಮುದ್ರ ನೋಡಿ ಬೆಳೆದವರು ಇಲ್ಲೇ ಲೆಕ್ಕ ತಪ್ಪುವುದು. ಅರಮನೆ ಇರುವುದು ದ್ವೀಪದ ಉತ್ತರ ದಡದಲ್ಲಿ, ಬಂದರಿನ ಕಡೆ. ಅಲ್ಲಿ ತೆರೆದ ಸಮುದ್ರದಷ್ಟು ಅಬ್ಬರ ಇರುವುದಿಲ್ಲ. ನೀರು ಸದ್ದಿಲ್ಲದೆ ಏರುತ್ತದೆ.

ಏರುವುದು ಒಂದೇ ವೇಗದಲ್ಲೂ ಅಲ್ಲ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಹಿಡಿಯುತ್ತದೆ. ದೋಣಿಯವರ ಹಳೆ ಲೆಕ್ಕದಲ್ಲಿ ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡುತ್ತಾರೆ. ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದರೆ 3 ಮೀಟರ್ ಏರುವ ದಿನ ನಡುವಿನ ಎರಡು ಗಂಟೆಯಲ್ಲೇ ಒಂದೂವರೆ ಮೀಟರ್ ಏರುತ್ತದೆ. ಒಂಬತ್ತು ವರ್ಷದ ಹುಡುಗನ ತಲೆ ಮುಳುಗುವಷ್ಟು. ಮೊದಲ ಗಂಟೆಯಲ್ಲಿ ನೀರು ಏರಿದ್ದೇ ಗೊತ್ತಾಗುವುದಿಲ್ಲ, ಜನ ಇನ್ನೂ ಟೈಮಿದೆ ಅಂದುಕೊಳ್ಳುತ್ತಾರೆ. ಅದಕ್ಕೇ ನಾನು ಇಳಿತದ ಹೊತ್ತಿಗೆ ಒಂದು ಗಂಟೆ ಮುಂಚೆ ಕೆಳಗಿಳಿಯುತ್ತೇನೆ. ನೀರು ತಿರುಗಿದ ಇಪ್ಪತ್ತು ನಿಮಿಷಕ್ಕೆ ಮೇಲೆ ಬಂದುಬಿಡುತ್ತೇನೆ, ಕೆಲಸ ಉಳಿದಿದ್ದರೂ ಸರಿ.

ಈ ಕರಾವಳಿಯಲ್ಲಿ ಒಂದು ಅನುಕೂಲ ಇದೆ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಅವುಗಳ ನಂತರದ ಒಂದೆರಡು ದಿನ ಪೂರ್ತಿ ಇಳಿತ ಬರುವುದು ಬೆಳಿಗ್ಗೆ ಹತ್ತು ಹನ್ನೊಂದರ ಸುಮಾರಿಗೆ. ಈ ದೊಡ್ಡ ಉಬ್ಬರ ಇಳಿತವನ್ನು ಸ್ವಾಹಿಲಿಯಲ್ಲಿ 'ಬಾಂವುವಾ' ಅನ್ನುತ್ತಾರೆ. ದಿನಕ್ಕೆ ಸುಮಾರು 50 ನಿಮಿಷದಂತೆ ಹೊತ್ತು ಮುಂದೆ ಹೋಗುತ್ತದೆ. ಅಷ್ಟಮಿಯ ಆಸುಪಾಸಿಗೆ ಎಲ್ಲ ತಲೆಕೆಳಗಾಗುತ್ತದೆ. ಆಗ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ನೀರು ತುಂಬಿರುತ್ತದೆ, ಏರಿಳಿತವೂ ತುಂಬ ಕಡಿಮೆ. ಹಾಗಾಗಿ ದಿನ ಗೊತ್ತು ಮಾಡಲು ಮೊದಲು ನಿಮ್ಮ ಅಡುಗೆಮನೆಯ ಗೋಡೆಯಲ್ಲಿರುವ ಪಂಚಾಂಗದ ಕ್ಯಾಲೆಂಡರ್ ನೋಡಿ. ಗಂಟೆ ನಿಮಿಷಕ್ಕೆ ಆ ವರ್ಷದ ಉಬ್ಬರ ಇಳಿತದ ಪಟ್ಟಿ ನೋಡಿ. ಹೊರಡುವ ಹಿಂದಿನ ಸಂಜೆ ದೋಣಿಯವರನ್ನೂ ಕೇಳಿ.

ನಿಮ್ಮ ಮನೆಯ ತೊಡಕು ಇರುವುದು ಇಲ್ಲೇ. ಮಗನಿಗೆ ಬೇಕಾದ ನೀರು ಅಮ್ಮನಿಗೆ ಬೇಡ. ಬಂಡೆ ನೋಡಲು ನೀರು ಪೂರ್ತಿ ಇಳಿದಿರಬೇಕು. ಆದರೆ ನೀರು ಇಳಿದಾಗ ದೋಣಿ ದಡದ ಹತ್ತಿರ ಬರುವುದಿಲ್ಲ. ಮೊಣಕಾಲು ನೀರಿನಲ್ಲಿ, ಕೆಸರು ಚಿಪ್ಪುಗಳ ಮೇಲೆ ನಡೆದುಕೊಂಡು ಹೋಗಬೇಕಾಗಬಹುದು. ಸಕ್ಕರೆ ಕಾಯಿಲೆ ಇರುವವರನ್ನು ಹಾಗೆ ನಡೆಸಬಾರದು. ಕಾಯಿಲೆ ಹಳೆಯದಾದರೆ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ. ಕುಯ್ದದ್ದು ಗೊತ್ತೇ ಆಗುವುದಿಲ್ಲ. ಬೆಚ್ಚಗಿನ ಸಮುದ್ರದ ನೀರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಇಂಥವರ ಗಾಯದಲ್ಲಿ ಬೇಗ ಹಬ್ಬುತ್ತವೆ. 'ಚೆನ್ನಾಗಿ ನಡೆಯುತ್ತಾರೆ' ಅಂತ ಬರೆದಿದ್ದೀರಿ. ನಡೆಯುವ ಶಕ್ತಿ ಬೇರೆ, ಪಾದದ ಸ್ಪರ್ಶ ಬೇರೆ. ನಾನು ಡಾಕ್ಟರಲ್ಲ. ಆದರೆ ಒಂದು ಕೆಲಸದ ಜಾಗದಲ್ಲಿ ನಮ್ಮ ಹಿರಿಯ ಮೇಸ್ತ್ರಿಯೊಬ್ಬರು ಬೆಳಿಗ್ಗೆ ತರಚಿದ ಕಾಲನ್ನು ರಾತ್ರಿ ಬೂಟು ಬಿಚ್ಚಿದಾಗಲೇ ನೋಡಿಕೊಂಡರು. ಬೂಟಿನಲ್ಲಿ ರಕ್ತ ತುಂಬಿತ್ತು. ನೋವೇ ಆಗಲಿಲ್ಲ ಅಂದರು. ಆ ಕಾಲು ಗುಣವಾಗಲು ತಿಂಗಳುಗಳು ಹಿಡಿದವು. ಅಮ್ಮ ಹೊರಡುವ ಮುಂಚೆ ಪುತ್ತೂರಿನಲ್ಲೇ ಅವರ ಡಾಕ್ಟರ ಹತ್ತಿರ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ಟೆಟನಸ್ ಇಂಜೆಕ್ಷನ್ ಬಗ್ಗೆಯೂ ಕೇಳಿ.

ಹಾಗಾದರೆ ಏನು ಮಾಡಬಹುದು? ನನ್ನ ಕಣ್ಣಿಗೆ ಎರಡು ದಾರಿ ಕಾಣುತ್ತವೆ.

ಒಂದು, ಅಷ್ಟಮಿಯ ಆಸುಪಾಸಿನ ದಿನ ಹೋಗುವುದು. ಬೆಳಿಗ್ಗೆ ನೀರು ತುಂಬಿರುವಾಗ ದೋಣಿ ದಡದ ಹತ್ತಿರ ಬರುತ್ತದೆ, ಅಮ್ಮ ಕಾಲು ಒದ್ದೆಯಾಗದೆ ಇಳಿಯಬಹುದು. ಮಸೀದಿ, ಕೋಟೆ, ಮಕುಟಾನಿ ಅರಮನೆ ಎಲ್ಲ ಒಟ್ಟಿಗೆ ನೋಡಬಹುದು. ಬಂಡೆಯನ್ನು ಮೇಲಿನಿಂದಲೇ, ಅಂಚಿನಿಂದ ದೂರ ನಿಂತು ನೋಡಬೇಕು. ಮಗ ಮುನಿಸಿಕೊಳ್ಳುತ್ತಾನೆ. ಅಪಾಯ ಮಾತ್ರ ಬಹಳ ಕಡಿಮೆ.

ಎರಡು, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಮರುದಿನ ಹೋಗುವುದು. ಬೆಳಿಗ್ಗೆ ಏಳರ ಹೊತ್ತಿಗೆ, ನೀರು ಅರ್ಧ ಇಳಿದಿರುವಾಗಲೇ ದಾಟಿ. ಮನೆಯವರಲ್ಲಿ ಒಬ್ಬರು ಅಮ್ಮನ ಜೊತೆ ದೊಡ್ಡ ಮಸೀದಿಯ ಕಡೆ ಇರಲಿ. ನೀವು, ಮಗ, ಗೈಡ್ ಮೂವರು ಹುಸೂನಿ ಕುಬ್ವಾಕ್ಕೆ ಹೋಗಿ. ಸುಮಾರು ಒಂದೂವರೆ ಕಿಲೋಮೀಟರ್ ನಡಿಗೆ. ಎಲ್ಲಿ ಇಳಿಯಬೇಕು ಅನ್ನುವುದನ್ನು ಗೈಡ್ ತೀರ್ಮಾನಿಸಲಿ, ಮಗ ಅಲ್ಲ. ನೀರು ತಿರುಗಿದ ಕೂಡಲೇ ಮೇಲೆ ಬನ್ನಿ. ವಾಪಸ್ ದೋಣಿ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ನೀರು ಮತ್ತೆ ಅರ್ಧ ತುಂಬಿದಾಗ. ಇದರ ತೊಂದರೆ ಗಾಳಿ. ಆಗಸ್ಟ್‌ನಲ್ಲಿ ಆಗ್ನೇಯದಿಂದ 'ಕೂಸಿ' ಬೀಸುತ್ತಿರುತ್ತದೆ, ಮಧ್ಯಾಹ್ನ ಜೋರಾಗುತ್ತದೆ. ಹಾಯಿದೋಣಿ ಬೇಡ, ಮೋಟರ್ ದೋಣಿ ಹಿಡಿಯಿರಿ. ದಾಟಬೇಕಾದ್ದು ಎರಡು ಕಿಲೋಮೀಟರ್ ಅಷ್ಟೇ. ಆದರೂ ಎಲ್ಲರಿಗೂ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಮಗನ ಅಳತೆಯದು ಸಿಗದೆ ಇರಬಹುದು, ದಾರ್‌ನಿಂದಲೇ ಒಯ್ಯಿರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯದನ್ನೇ ಆರಿಸುತ್ತೇನೆ. ದ್ವೀಪದ ಎದುರಿನ ದಡದ ಊರಾದ ಕಿಲ್ವಾ ಮಸೋಕೋದಲ್ಲಿ ಎರಡು ರಾತ್ರಿ ಉಳಿದು, ಗಾಳಿ ಜೋರಿದ್ದರೆ ಒಂದು ದಿನ ಮುಂದೂಡುತ್ತೇನೆ. ದಾರ್‌ನಿಂದ 300 ಕಿಲೋಮೀಟರ್ ಚಿಲ್ಲರೆ ಬಂದು, ಇವತ್ತೇ ದಾಟಬೇಕು ಅನ್ನುವ ಅವಸರ ಇಟ್ಟುಕೊಂಡವರೇ ತಪ್ಪು ಮಾಡುವುದು.

ಸೋಂಗೋ ಮ್ನಾರಾ ಈ ಸಲ ಬೇಡ. ಊರು ಬಹಳ ಚೆಂದ. ಮನೆಗಳ ಸಾಲು, ಐದು ಮಸೀದಿ, ಅರಮನೆ. ಆದರೆ ದೋಣಿ ದಾರಿ ದೂರ, ಇಳಿದ ಮೇಲೆ ಕಾಂಡ್ಲಾ ಕಾಡಿನ ನೀರಿನಲ್ಲಿ ನಡೆಯಬೇಕಾಗುತ್ತದೆ. ಅಮ್ಮನನ್ನು ಊರಿಗೆ ಕಳಿಸಿದ ಮೇಲೆ ನೀವು ಹೋಗಿಬನ್ನಿ.

ಬಂಡೆಗೆ ಇಳಿಯುವವರಿಗೆ ಮುಚ್ಚಿದ ಶೂ, ದಪ್ಪ ರಬ್ಬರ್ ತಳ, ಉದ್ದ ಪ್ಯಾಂಟು. ಹಸಿರು ಪಾಚಿ ಕಂಡಲ್ಲಿ ಕಾಲಿಡಬೇಡಿ. ಒಣಗಿದ ಚೂಪಾದ ಕಲ್ಲಿನ ಮೇಲೆ ಕಾಲು ನಿಲ್ಲುತ್ತದೆ, ನುಣ್ಣಗಿನ ಹಸಿರು ಕಲ್ಲಿನ ಮೇಲೆ ಜಾರುತ್ತದೆ. ನೀರು ನಿಂತ ಗುಂಡಿಗಳಲ್ಲಿ ಕಪ್ಪು ಮುಳ್ಳಿನ ಸಮುದ್ರ ಅರ್ಚಿನ್ ಇರುತ್ತವೆ. ಕಲ್ಲಿನ ಹಾಗೇ ಕಾಣುವ ಸ್ಟೋನ್‌ಫಿಶ್ ಎಂಬ ವಿಷದ ಮೀನು ಕೂಡ ಈ ಸಮುದ್ರದಲ್ಲಿದೆ. ಹಾಗಾಗಿ ಗುಂಡಿಗೆ ಕೈ ಹಾಕುವ ಹಾಗಿಲ್ಲ. ಮುಳ್ಳು ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿ ನೀರಿನಲ್ಲಿ ಕಾಲಿಡುವುದು ನೋವಿಗೆ ಒಳ್ಳೆಯದು. ಸ್ಟೋನ್‌ಫಿಶ್ ಆದರೆ ಅದರ ಜೊತೆಗೇ ಆಸ್ಪತ್ರೆಗೆ ಹೊರಡಬೇಕು. ಕೋನಿನ ಆಕಾರದ, ಚಿತ್ತಾರದ ಚಂದದ ಶಂಖ ಸಿಕ್ಕರೆ ಮುಟ್ಟಲೇಬಾರದು. ಒಳಗೆ ಹುಳು ಬದುಕಿದ್ದರೆ ಅದು ಚುಚ್ಚುವ ವಿಷ ಮನುಷ್ಯನ ಜೀವ ತೆಗೆಯಬಲ್ಲದು. ಕಲ್ಲು ತರಚಿದರೆ ಕುಡಿಯುವ ನೀರು, ಸೋಪು, ಮೆತ್ತನೆಯ ಬ್ರಷ್ ಹಿಡಿದು ಪುಡಿ ಪೂರ್ತಿ ಹೋಗುವ ತನಕ ತೊಳೆಯಿರಿ. ಮಗ ಅಳುತ್ತಾನೆ. ಆದರೂ ತೊಳೆಯಿರಿ. ಮರುದಿನ ಕೆಂಪು ಹಬ್ಬುತ್ತಿದ್ದರೆ, ಜ್ವರ ಬಂದರೆ ಆಸ್ಪತ್ರೆ. ಅಮ್ಮನಿಗೆ ಸಣ್ಣ ಗೀರಾದರೂ ಅದೇ ದಿನ ಆಸ್ಪತ್ರೆ.

ದಡದಲ್ಲಿ ನೀಲಿ ಹಸಿರು ಬಣ್ಣದ ಪಿಂಗಾಣಿ ಚೂರು, ಗಾಜಿನ ಮಣಿ ಮಗನ ಕಣ್ಣಿಗೆ ಬೀಳಬಹುದು. ಚೀನಾದ ಪಾತ್ರೆ, ಭಾರತದ ಮಣಿ ಈ ಬಂದರಿಗೆ ಬರುತ್ತಿದ್ದವು, ಈಗಿನ ಮೊಜಾಂಬಿಕ್‌ನ ಸೊಫಾಲಾದ ಚಿನ್ನ ಇಲ್ಲಿಂದ ಹೋಗುತ್ತಿತ್ತು. ನೋಡಲಿ, ಫೋಟೋ ತೆಗೆಯಲಿ, ಬಿದ್ದಲ್ಲೇ ಬಿಡಲಿ. ಜೇಬಿಗೆ ಹಾಕಿಕೊಳ್ಳುವುದು 1964ರ ತಾಂಜಾನಿಯಾದ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅಪರಾಧ. ನಮ್ಮಂಥವರಿಗೆ ಆ ಚೂರು ಎಲ್ಲಿ ಬಿದ್ದಿತ್ತು ಅನ್ನುವುದೇ ಸುದ್ದಿ. ಜಾಗ ಬಿಟ್ಟ ಮೇಲೆ ಅದು ಬರೀ ಒಡೆದ ಬಟ್ಟಲು.

ಜಿನ್ನಿನ ಮಾತಿಗೆ ಬರುತ್ತೇನೆ. ಅಲ್ಲಿನ ಜನ ಹಾಗೆ ನಂಬುತ್ತಾರೆ. ನನಗಂತೂ ಯಾವತ್ತೂ ಏನೂ ಎದುರಾಗಿಲ್ಲ. ಆದರೆ ಆ ನಂಬಿಕೆಯನ್ನು ನಗೆಯಾಡಬೇಡಿ. ದ್ವೀಪದಲ್ಲಿ ಇವತ್ತೂ ಮೀನುಗಾರರ ಹಳ್ಳಿ ಇದೆ. ಪಾಳುಬಿದ್ದರೂ ಮಸೀದಿ ಅವರಿಗೆ ಮಸೀದಿಯೇ, ಗೋರಿ ಹಿರಿಯರದೇ. ತೋಳು ಮೊಣಕಾಲು ಮುಚ್ಚುವ ಬಟ್ಟೆ ಹಾಕಿ. ಜನರ ಫೋಟೋ ತೆಗೆಯುವ ಮುಂಚೆ ಕೇಳಿ. ಮಸೋಕೋದ ಸರ್ಕಾರಿ ಕಚೇರಿಯಲ್ಲಿ ಅನುಮತಿ ಪಡೆದು ಗೈಡ್ ಜೊತೆಗೇ ಹೋಗಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ನೀವು ಕೇಳುತ್ತೀರಿ: ಇದನ್ನೆಲ್ಲ ಕಟ್ಟಿದ್ದು ಹೊರಗಿನವರು ಅಂತ. ಪರ್ಷಿಯಾದ ಶಿರಾಜ್‌ನಿಂದ ಬಂದ ರಾಜಕುಮಾರ ದ್ವೀಪವನ್ನು ಸುತ್ತುವಷ್ಟು ಬಟ್ಟೆ ಕೊಟ್ಟು ಕೊಂಡುಕೊಂಡ ಅನ್ನುವ ಕಥೆ ಇದೆ. ಆದರೆ ಅಗೆತದಲ್ಲಿ ಅದಕ್ಕೂ ಹಿಂದಿನ ಆಫ್ರಿಕನ್ ಊರು ಸಿಕ್ಕಿದೆ. 2023ರಲ್ಲಿ ಪ್ರಕಟವಾದ ಹಳೆಯ ಎಲುಬುಗಳ ಡಿಎನ್‌ಎ ಅಧ್ಯಯನವೂ ಆಫ್ರಿಕಾದ ತಾಯಂದಿರು ಮತ್ತು ಬಹುಮಟ್ಟಿಗೆ ಪರ್ಷಿಯಾ ಮೂಲದ ಗಂಡಸರು ಬೆರೆತ ಸಮಾಜವನ್ನು ತೋರಿಸಿತು. ಅವರು ಆಡಿದ್ದು, ಬೆಳೆಸಿದ್ದು ಆಫ್ರಿಕಾದ ಭಾಷೆಯನ್ನೇ.

ಅಮ್ಮನಿಗೆ ಊರಿನ ನಂಟೂ ಸಿಗುತ್ತದೆ. 1331ರಲ್ಲಿ ಕಿಲ್ವಾ ನೋಡಿದ ಮೊರಾಕೊದ ಪ್ರವಾಸಿ ಇಬ್ನ್ ಬತೂತಾ ಹತ್ತು ವರ್ಷ ಚಿಲ್ಲರೆಯ ನಂತರ ಹೊನ್ನಾವರ, ಬಾರ್ಕೂರು, ಮಂಗಳೂರಿಗೂ ಬಂದ. 1505ರ ಜುಲೈನಲ್ಲಿ ಕಿಲ್ವಾವನ್ನು ಲೂಟಿ ಮಾಡಿದ ಪೋರ್ಚುಗೀಸ್ ನಾಯಕ ಅಲ್ಮೇಡಾನ ಹಡಗುಗಳೇ ಮುಂದೆ ಕಾರವಾರದ ಎದುರಿನ ಅಂಜುದೀವಿಗೆ ಬಂದವು, ಅದೇ ವರ್ಷ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟವು. ದಡದ ಕೋಟೆಗೆ 'ಗೆರೆಜಾ' ಅನ್ನುತ್ತಾರೆ, ಸ್ವಾಹಿಲಿಯಲ್ಲಿ ಜೈಲು ಅಂತ ಅರ್ಥ. ಈಗಿರುವ ಕೋಟೆ ಬಹುಪಾಲು 1800ರ ಸುಮಾರಿನ ಒಮಾನಿಗಳದ್ದು. ಆದರೆ ಪದ ಬಂದದ್ದು ಪೋರ್ಚುಗೀಸರ 'ಇಗ್ರೇಜಾ'ದಿಂದ. ನಮ್ಮ ಕರಾವಳಿಯಲ್ಲಿ ಚರ್ಚಿಗೆ ಇಗರ್ಜಿ ಅನ್ನುತ್ತೇವಲ್ಲ, ಅದೇ. ದ್ವೀಪದಲ್ಲಿ ಕಾಣುವ ಡೊಳ್ಳು ಕಾಂಡದ ಬಾವೋಬಾಬ್ ಮರವೇ ಸವಣೂರಿನ ದೊಡ್ಡಹುಣಸೆ ಮರ.

ಮಗನ ಮುನಿಸಿಗೆ ಒಂದು ಉಪಾಯ ಹೇಳುತ್ತೇನೆ. ದೊಡ್ಡ ಮಸೀದಿಯ ಗೋಡೆಯ ಹತ್ತಿರ ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ ಅವನನ್ನು ನಿಲ್ಲಿಸಿ. ಗಾರೆ ಉದುರಿದ ಕಡೆ ಕಲ್ಲಿನ ಮೇಲೆ ನಕ್ಷತ್ರದಂಥ ಸಣ್ಣ ಚುಕ್ಕಿಗಳು, ಮೆದುಳಿನ ಮಡಿಕೆಯಂಥ ಗೆರೆಗಳು ಕಾಣುತ್ತವೆ. ಎಲ್ಲ ಹವಳದ ಗುರುತು. ಕೆಳಗಿನ ಬಂಡೆಯಲ್ಲಿ ಹುಡುಕಬೇಕಾದದ್ದು ಇಲ್ಲಿ ಕಣ್ಣಿನ ಎತ್ತರದಲ್ಲೇ ಇದೆ. ಮುಟ್ಟದೆ ಎಣಿಸಲು ಹೇಳಿ.

ಕೊನೆಗೆ ಸಣ್ಣಪುಟ್ಟದ್ದು. ದಕ್ಷಿಣ ಕರಾವಳಿಯಲ್ಲಿ ಮಲೇರಿಯಾ ಇದೆ, ಅಮ್ಮನ ಮಾತ್ರೆಗಳಿಗೆ ಹೊಂದುವ ತಡೆ ಔಷಧಿ ಯಾವುದು ಅಂತ ಡಾಕ್ಟರನ್ನು ಕೇಳಿ. ಆಗಸ್ಟ್‌ನಲ್ಲಿ ರಸ್ತೆಗೆ ಮಳೆಯ ಕಾಟ ಇರುವುದಿಲ್ಲ. 2024ರ ಮೇಯಲ್ಲಿ ಇದೇ ರಸ್ತೆ ಪ್ರವಾಹಕ್ಕೆ ಕೊಚ್ಚಿಹೋಗಿತ್ತು, ಹಾಗಾಗಿ ಏಪ್ರಿಲ್-ಮೇ ಬೇಡ. ದ್ವೀಪದಲ್ಲಿ ನೀರು, ಊಟ ಸಿಗುತ್ತದೆ ಅಂದುಕೊಳ್ಳಬೇಡಿ, ಅಮ್ಮನ ಹೊತ್ತಿನ ತಿಂಡಿ ಜೊತೆಗಿರಲಿ. ಮತ್ತೆ ಅವರಿಗೆ ಶೂವನ್ನು ಪುತ್ತೂರಿನಲ್ಲೇ ಕೊಡಿಸಿ. ಎರಡು ವಾರ ಮನೆಯ ಅಂಗಳದಲ್ಲಿ ಹಾಕಿಕೊಂಡು ನಡೆದು ರೂಢಿ ಮಾಡಿಕೊಳ್ಳಲಿ. ಹೊಸ ಶೂ ಕಚ್ಚಿ ಏಳುವ ಬೊಕ್ಕೆಯೂ ಅವರ ಕಾಲಿಗೆ ಬೇಡ.